ಠಸ್ಸೆಯ ನಡುವಿನ ಕಿಂಡಿ

"ಕಟಗೀದ ಐತೆಲ್ರಿ ಸರ ಇದು? ಮತ್ತ ಕಟಗೀದ ಅಲ್ಲ ಅಂತ ಹೆಂಗ ಬರದ್ರಿ?"

ಉಮದಿ ಕಡೆಯ ಓದುಗರೊಬ್ಬರು ಟವೆಲ್ಲಿನಲ್ಲಿ ಸುತ್ತಿ ತಂದದ್ದನ್ನು ನನ್ನ ಮುಂದೆ ಬಿಚ್ಚಿಟ್ಟು ಕೇಳಿದರು. ಅಂಗೈಯಗಲದ ಹಳೆಯ ಠಸ್ಸೆ, ಅಂದರೆ ಚಿತ್ರ ಅಚ್ಚು ಹಾಕುವ ಬ್ಲಾಕು. ಮೇಲೆ ಕಂದೀಲು ಎತ್ತಿ ಹಿಡಿದ ಹೆಂಗಸು, ಅವಳ ಸೀರೆಯ ನಿರಿಗೆಗೆಲ್ಲ ಕೂದಲೆಳೆಯಂಥ ಗೆರೆ, ಪಕ್ಕದಲ್ಲಿ ಚೌಕನೆಯ ಒಂದು ತೂತು. ಯಾವುದೋ ಛಾಪಖಾನೆ ಮುಚ್ಚಿದಾಗ ಅವರ ಅಜ್ಜ ಹಳೇ ಸಾಮಾನಿನ ಜೊತೆ ತೂಕಕ್ಕೆ ಕೊಂಡು ತಂದದ್ದಂತೆ. ಇಷ್ಟು ವರ್ಷ ದೇವರ ಜಗುಲಿಯ ಕೆಳಗೆ ಬಿದ್ದಿತ್ತು.

ತಪ್ಪು ನನ್ನದೇ. ಕೆಲವು ವಾರಗಳ ಹಿಂದೆ 1950ರ ಆಸುಪಾಸಿನ ಪತ್ರಿಕೆಗಳ ಬಗ್ಗೆ ಬರೆಯುತ್ತ ಒಂದು ಮಾತು ಹಾರಿಸಿದ್ದೆ. ಆ ಕಾಲದ ಜಾಹೀರಾತುಗಳ ಗೆರೆಗೆರೆ ಚಿತ್ರಗಳನ್ನು ಮರದಲ್ಲಿ ಕೊರೆದದ್ದೆಂದು ನಾವೆಲ್ಲ ನಂಬಿದ್ದೇವೆ, ಬಹುಪಾಲು ಹಾಗಲ್ಲ ಎಂದು. ಅಂದಿನಿಂದ ಫೋನು ನಿಂತಿಲ್ಲ. ಕೆಲವರು ಫೋಟೊ ಕಳಿಸಿದರು, ಒಬ್ಬರು ಜಗಳಕ್ಕೇ ಬಂದರು, ಇವರು ಸಾಕ್ಷಿಯನ್ನೇ ಹೊತ್ತು ತಂದರು.

ಠಸ್ಸೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದೆ. ಕೆಳಗೆ ಮರ, ನಿಜ. ಅದರ ಮೇಲೆ ಸತುವಿನ ತಗಡು, ಹಾಲಿನ ಮೇಲೆ ಕೆನೆ ಕೂತ ಹಾಗೆ. ಅಂಚಿಗೆ ನಾಲ್ಕು ಪುಟ್ಟ ಮೊಳೆ. ಚಿತ್ರವಿರುವುದು ತಗಡಿನಲ್ಲಿ. ಮರದ ಕೆಲಸ ಅದನ್ನು ಎತ್ತರಿಸುವುದಷ್ಟೇ. ಅಚ್ಚುಮೊಳೆಯ ಎತ್ತರ 0.918 ಇಂಚು. ಅದರ ಜೊತೆ ಚೌಕಟ್ಟಿನಲ್ಲಿ ಕೂರುವ ಚಿತ್ರವೂ ಅಷ್ಟೇ ಎತ್ತರವಿರಬೇಕು. ತುಸು ತಗ್ಗಾದರೆ ಶಾಯಿ ಹತ್ತುವುದಿಲ್ಲ, ತುಸು ಹೆಚ್ಚಾದರೆ ಕಾಗದ ಹರಿಯುತ್ತದೆ. ತೆಳು ತಗಡಿಗೆ ಆ ಎತ್ತರ ಎಲ್ಲಿಂದ ಬರಬೇಕು? ಅದಕ್ಕೇ ಮರದ ಪೀಠ.

"ಹಂಗಾರ ಕುದರಿ ಮ್ಯಾಲಿನ ಸವಾರ ಬ್ಯಾರೆ ಅನ್ರಿ" ಎಂದರು ಅವರು. ಅಷ್ಟು ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಈ ವಿಷಯದಲ್ಲಿ ನನ್ನ ವಿದ್ಯೆಯೆಲ್ಲ ಪುಸ್ತಕದ್ದಲ್ಲ. ಹೈಸ್ಕೂಲಿನ ಸೂಟಿಯಲ್ಲಿ ನನ್ನನ್ನು ಜತ್ತಕ್ಕೆ ಸೋದರಮಾವನ ಮನೆಗೆ ಅಟ್ಟುತ್ತಿದ್ದರು. ಮಾಮಾ ಒಂದು ಸಣ್ಣ ಛಾಪಖಾನೆಯಲ್ಲಿ ಮೊಳೆ ಜೋಡಿಸುತ್ತಿದ್ದ. ಕಾಲಲ್ಲಿ ತುಳಿಯುವ ಟ್ರೆಡಲ್ ಒಂದು, ಮರಾಠಿ ಮೊಳೆಯ ಖಾನೆಗಳು ಹಲವು, ಕನ್ನಡದ್ದು ಎರಡೇ ಎರಡು. ಕೇಳುವವರೆಲ್ಲ ಕನ್ನಡದವರು, ಖಾನೆಯೆಲ್ಲ ಮರಾಠಿಯದು. ನಮ್ಮ ತಾಲ್ಲೂಕಿನ ಬದುಕೇ ಹಾಗೆ. ಡಫಳೆ ಮನೆತನದ ಸಂಸ್ಥಾನವಾಗಿದ್ದ ಜತ್ತ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಗೆ ಬಂತು. ಆ ಜಿಲ್ಲೆಗೆ 1960ರಲ್ಲಿ ಸಾಂಗ್ಲಿ ಎಂದು ಹೆಸರು ಬಿತ್ತು. ಊರು ಕದಲಲಿಲ್ಲ, ಬೋರ್ಡು ಮಾತ್ರ ಬದಲಾಯಿತು. ಗಡಿಯ ತಕರಾರು ಈ ಅಂಕಣಕ್ಕೆ ಬೇಡ. ಒಂದು ಸಂಗತಿಯನ್ನು ಮಾತ್ರ ಹೇಳದೆ ಬಿಡಲಾರೆ. ಅಚ್ಚಿನ ಅಕ್ಷರಕ್ಕೆ ಕನ್ನಡದವರು ಮೊಳೆ ಅನ್ನುತ್ತಾರೆ, ಮರಾಠಿಯವರು ಖಿಳೆ ಅನ್ನುತ್ತಾರೆ. ಎರಡಕ್ಕೂ ಅರ್ಥ ಒಂದೇ, ಗೋಡೆಗೆ ಬಡಿಯುವ ಮೊಳೆ. ಜಗಳವಾಡುವ ಎರಡು ಭಾಷೆಗಳು ಛಾಪಖಾನೆಯೊಳಗೆ ಹೋದಾಗ ಒಂದೇ ಥರ ಯೋಚಿಸಿದ್ದವು.

ಈಗ ಮರದ ಮಾತು. ಮರದಲ್ಲಿ ಚಿತ್ರ ಕೊರೆಯುವುದಕ್ಕೆ ಎರಡು ದಾರಿ. ಹಲಗೆಯನ್ನು ಉದ್ದಕ್ಕೆ ಸೀಳಿ ಅದರ ಮೈಮೇಲೆ ಚಾಕುವಿನಿಂದ ಕೊರೆಯುವುದು ಹಳೆಯದು. ಇನ್ನೊಂದು, ಬೊಡ್ಡೆಯನ್ನು ಸೌತೆಕಾಯಿ ಹೆಚ್ಚಿದ ಹಾಗೆ ಅಡ್ಡಕ್ಕೆ ಕೊಯ್ದು, ಆ ಬಿಲ್ಲೆಯ ಮುಖದ ಮೇಲೆ ಅಕ್ಕಸಾಲಿಗನ ಉಳಿಯಂಥ ಸಣ್ಣ ಉಳಿಯಿಂದ ಗೀರುವುದು. ಅಡ್ಡಕೊಯ್ತದ ಮುಖದಲ್ಲಿ ನಾರುಗಳು ನಿಂತಿರುತ್ತವೆ, ಮಲಗಿರುವುದಿಲ್ಲ. ಉಳಿ ಯಾವ ದಿಕ್ಕಿಗೆ ತಿರುಗಿದರೂ ಮರ ಸಿಗಿಯುವುದಿಲ್ಲ. ಕೂದಲೆಳೆ ಗೆರೆಯೂ ನಿಲ್ಲುತ್ತದೆ. ಇದಕ್ಕೆ ಬಾಕ್ಸ್ ಮರವೇ ಶ್ರೇಷ್ಠವೆಂದು ಯುರೋಪಿನವರು ಕಂಡುಕೊಂಡರು. ತೀರ ನಿಧಾನವಾಗಿ ಬೆಳೆಯುವ ಮರ, ಬೊಡ್ಡೆ ಸಣ್ಣದು, ಹಾಗಾಗಿ ದೊಡ್ಡ ಚಿತ್ರಕ್ಕೆ ತುಂಡುಗಳನ್ನು ಜೋಡಿಸಬೇಕಿತ್ತು. 1842ರಲ್ಲಿ ಶುರುವಾದ ಲಂಡನ್ನಿನ ಸಚಿತ್ರ ವಾರಪತ್ರಿಕೆ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್ ಇದೇ ಉಪಾಯದ ಮೇಲೆ ಬದುಕಿತು. ಒಂದು ಚಿತ್ರ, ಹಲವು ತುಂಡು, ತುಂಡಿಗೊಬ್ಬ ಕೊರೆಯುವವ. ಬೆಳಗಾಗುವಷ್ಟರಲ್ಲಿ ಎಲ್ಲ ತುಂಡನ್ನೂ ಬೋಲ್ಟು ಹಾಕಿ ಬಿಗಿದರೆ ಯುದ್ಧಭೂಮಿ ತಯಾರು.

ಕೊರೆಯುವವನ ಕೈ ನೋಡುವಂಥದ್ದು. ಮರಳು ತುಂಬಿದ ತೊಗಲಿನ ದಿಂಬಿನ ಮೇಲೆ ಮರದ ತುಂಡು. ಉಳಿ ಹಿಡಿದ ಬಲಗೈ ಹೆಚ್ಚು ಅಲುಗುವುದಿಲ್ಲ, ಎಡಗೈ ತುಂಡನ್ನೇ ತಿರುಗಿಸುತ್ತದೆ. ಅವನು ಗೀರಿದ್ದೆಲ್ಲ ಅಚ್ಚಿನಲ್ಲಿ ಬಿಳಿ, ಗೀರದೆ ಬಿಟ್ಟದ್ದು ಕಪ್ಪು. ಪೆನ್ನಿನವನು ಬಿಳಿ ಕಾಗದದ ಮೇಲೆ ನೆರಳು ಬರೆದರೆ ಇವನು ಕತ್ತಲೆಯಲ್ಲಿ ಬೆಳಕು ಬರೆಯುತ್ತಾನೆ. ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ (1753–1828) ಈ ಗುಟ್ಟನ್ನು ಹಿಡಿದವನು. ತನ್ನ ಒಂದು ತುಂಡಿನಿಂದ ಒಂಬತ್ತು ಲಕ್ಷ ಪ್ರತಿ ತೆಗೆದರೂ ಅದು ಸವೆಯಲಿಲ್ಲ ಎಂದು ಹೇಳಿಕೊಂಡಿದ್ದಾನೆ. ಕಸುಬುದಾರರ ಲೆಕ್ಕಕ್ಕೆ ತುಸು ಉಪ್ಪು ಹೆಚ್ಚಿರುತ್ತದೆ. ಅರ್ಧ ಕಳೆದರೂ ಕಡಿಮೆಯೇನಲ್ಲ.

ಮನೆಯಲ್ಲಿ ಹಳೆಯ ಪತ್ರಿಕೆ ಇಟ್ಟುಕೊಂಡವರು ಇದನ್ನು ಪರೀಕ್ಷೆ ಮಾಡಿ ನೋಡಬಹುದು. ನೆರಳಿನ ಜಾಗದಲ್ಲಿ ಕಪ್ಪು ಗೆರೆಗಳು ಒಂದನ್ನೊಂದು ಜಾಲರಿಯಂತೆ ದಾಟಿದ್ದರೆ ಅದು ಬಹುತೇಕ ಪೆನ್ನಿನ ಚಿತ್ರ, ಸತುವಿಗೆ ಇಳಿದದ್ದು. ಮರದಲ್ಲಿ ಅಂಥ ಜಾಲರಿ ಬೇಕೆಂದರೆ ನಡುವಿನ ಒಂದೊಂದು ಬಿಳಿ ಕಣ್ಣನ್ನೂ ಪ್ರತ್ಯೇಕವಾಗಿ ತೋಡಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕೂಲಿಗೆ ಕೂತು ಅದನ್ನೂ ತೋಡಿದ ಪುಣ್ಯಾತ್ಮರಿದ್ದರು, ಅವರ ಕಣ್ಣಿನ ಗತಿ ದೇವರಿಗೇ ಗೊತ್ತು. ಜಾಲರಿ ಬಿಳಿ ಗೆರೆಗಳದ್ದಾಗಿದ್ದರೆ, ಗೆರೆ ಸೂಜಿಮೊನೆಯಂತೆ ಶುರುವಾಗಿ ನಡುವೆ ಉಬ್ಬಿ ಮತ್ತೆ ಮೊನೆಯಾಗಿದ್ದರೆ, ಮರವಿರಬಹುದು. ಮರದಂತೆ ನಟಿಸುವ ಇನ್ನೊಂದೂ ಇರಬಹುದು. ಅದರ ಹೆಸರು ಆಮೇಲೆ.

ಕೊರೆದು ಅಚ್ಚು ಹಾಕುವ ವಿದ್ಯೆ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಪುಣೆಯಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ ಚಾರ್ಲ್ಸ್ ಮ್ಯಾಲೆಟ್‌ನ ಕಾಲದಲ್ಲಿ ಅಲ್ಲಿನ ಒಬ್ಬ ತಾಂಬಟ, ಅಂದರೆ ತಾಮ್ರದ ಕೆಲಸದವನು, ದೇವನಾಗರಿ ಅಕ್ಷರ ಕೊರೆಯುವುದನ್ನು ಕಲಿತ. ನಾನಾ ಫಡ್ನವೀಸ್ ಅವನಿಂದ ಭಗವದ್ಗೀತೆ ಅಚ್ಚು ಹಾಕಿಸಲು ಹೊರಟಿದ್ದರು, ಆದರೆ 1800ರಲ್ಲಿ ತೀರಿಕೊಂಡರು. ಆ ಕೆಲಸ ಮಿರಜದ ಗಂಗಾಧರರಾವ್ ಪಟವರ್ಧನರ ಆಶ್ರಯದಲ್ಲಿ 1805ರಲ್ಲಿ ಮುಗಿಯಿತು. ಅ. ಕಾ. ಪ್ರಿಯೋಳ್ಕರ್ ಅವರು ಭಾರತದ ಮುದ್ರಣದ ಇತಿಹಾಸದ ಮೇಲೆ 1958ರಲ್ಲಿ ಬರೆದ ಪುಸ್ತಕದಲ್ಲಿ ಇದರ ಕಥೆಯಿದೆ. ಮಿರಜ ಅಂದರೆ ಸಿತಾರು, ತಂಬೂರಿ, ಆಸ್ಪತ್ರೆ ಎಂದಷ್ಟೇ ತಿಳಿದ ನಮಗೆ ಅಲ್ಲಿ ತಾಮ್ರದ ಗೀತೆಯೊಂದು ಹುಟ್ಟಿತ್ತೆಂಬುದು ನೆನಪಿಲ್ಲ.

ತಾಮ್ರದಲ್ಲೇ ಅಷ್ಟು ಚೆನ್ನಾಗಿ ಬರುವುದಾದರೆ ಪತ್ರಿಕೆಗಳು ಮರದ ಬೆನ್ನು ಹತ್ತಿದ್ದೇಕೆ? ಸಾಮಾನ್ಯವಾಗಿ ತಾಮ್ರದ ಕೆತ್ತನೆಯಲ್ಲಿ ಶಾಯಿ ಕೂರುವುದು ತೋಡಿದ ಗೆರೆಯ ಒಳಗೆ. ಅದನ್ನು ಕಾಗದ ಹೀರಬೇಕೆಂದರೆ ಬೇರೆಯೇ ಯಂತ್ರ, ಬೇರೆಯೇ ಒತ್ತಡ ಬೇಕು. ಮೊಳೆಯಲ್ಲಿ ಶಾಯಿ ಕೂರುವುದು ಎದ್ದುನಿಂತ ಮುಖದ ಮೇಲೆ, ಮರದ ಠಸ್ಸೆಯಲ್ಲೂ ಹಾಗೆಯೇ. ಆದ್ದರಿಂದ ಮರದ ಚಿತ್ರ ಮತ್ತು ಸೀಸದ ಅಕ್ಷರ ಒಂದೇ ಚೌಕಟ್ಟಿನಲ್ಲಿ ಭುಜಕ್ಕೆ ಭುಜ ಕೊಟ್ಟು ನಿಲ್ಲಬಲ್ಲವು, ಒಂದೇ ರೋಲರು ಎರಡಕ್ಕೂ ಶಾಯಿ ಸವರುತ್ತದೆ, ಒಂದೇ ಏಟಿಗೆ ಎರಡೂ ಅಚ್ಚಾಗುತ್ತವೆ. ಸಾಬೂನಿನ ಚಿತ್ರದ ಕೆಳಗೇ ಸಾಬೂನಿನ ಬೆಲೆ ಹಾಕಲು ಸಾಧ್ಯವಾದದ್ದು ಹೀಗೆ.

ಮರವನ್ನು ಓಡಿಸಿದ್ದು ಫೋಟೊ ಮತ್ತು ಆಮ್ಲ. ಚಿತ್ರವನ್ನು ಫೋಟೊ ತೆಗೆದು, ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿದ ಸತುವಿನ ತಗಡಿನ ಮೇಲೆ ಇಳಿಸಿ, ಗೆರೆಯಿದ್ದಲ್ಲಿ ರಾಳದ ಪುಡಿ ಹತ್ತಿಸಿ ಕಾಯಿಸಿ, ನೈಟ್ರಿಕ್ ಆಮ್ಲದಲ್ಲಿ ಅದ್ದಿದರೆ ಗೆರೆ ಉಳಿದು ಮಿಕ್ಕದ್ದು ಕರಗುತ್ತದೆ. ಮರದಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ಬಂಗಾಳದ ಉಪೇಂದ್ರಕಿಶೋರ್ ರಾಯ್ ಮಕ್ಕಳಿಗಾಗಿ ಬರೆದ ರಾಮಾಯಣಕ್ಕೆ ತಾವೇ ಚಿತ್ರ ಬರೆದಿದ್ದರು. ಮರಕ್ಕೆ ಇಳಿಸಿದವರು ಅವನ್ನು ಹಾಳುಗೆಡವಿದ್ದನ್ನು ಕಂಡು ರೋಸಿ, ವಿಲಾಯತಿಯಿಂದ ಸಲಕರಣೆ ತರಿಸಿ, 1895ರಲ್ಲಿ ತಮ್ಮದೇ ಬ್ಲಾಕಿನ ಉದ್ಯಮ ತೆರೆದರು. ಅಂದರೆ ನಾವು ಮರದ ಕೆತ್ತನೆಯೆಂದು ಮುದ್ದಾಡುವ 1950ರ ಜಾಹೀರಾತುಗಳಿಗೆ ಅರ್ಧ ಶತಮಾನ ಮೊದಲೇ ಮರ ಆ ಕೆಲಸದಿಂದ ರಿಟೈರಾಗತೊಡಗಿತ್ತು.

ಸರಿ, ಮರ ಹೋಯಿತು. ಗೆರೆ ಯಾಕೆ ಹೋಗಲಿಲ್ಲ? ಫೋಟೊವನ್ನೇ ಅಚ್ಚು ಹಾಕಬಹುದಿತ್ತಲ್ಲ?

ಇದಕ್ಕೆ ಕಲಾವಿಮರ್ಶಕರು ಪರಂಪರೆ, ಸೌಂದರ್ಯ ಎಂದೆಲ್ಲ ಹೇಳುತ್ತಾರೆ. ಟ್ರೆಡಲ್ಲಿನ ಪಕ್ಕ ಕೂತವನಿಗೆ ತೋಚುವ ಕಾರಣ ಕಾಗದ. ಫೋಟೊ ಅಚ್ಚಾಗಬೇಕೆಂದರೆ ಅದನ್ನು ಸಾವಿರಾರು ಚುಕ್ಕೆಗಳಾಗಿ ಒಡೆಯಬೇಕು. ನುಣುಪಾದ ಆರ್ಟ್ ಪೇಪರು ಇಂಚಿಗೆ 120, 150 ಸಾಲು ಚುಕ್ಕೆ ತಡೆದೀತು. ನ್ಯೂಸ್‌ಪ್ರಿಂಟಿನದು ಗೋಣಿಚೀಲದಂಥ ಮೈ. ಅದರ ಮೇಲೆ 55ರಿಂದ 85 ಸಾಲು ಹಾಕಿದರೆ ಹೆಚ್ಚು, ಅದೂ ಯಂತ್ರ ಚೆನ್ನಾಗಿದ್ದರೆ. ನಮ್ಮ ಮಾಮಾನ ಟ್ರೆಡಲ್ಲಿನಲ್ಲಿ ರೋಲರು ಸವೆದಿತ್ತು, ಶಾಯಿ ಬೇಸಿಗೆಯಲ್ಲಿ ನೀರಾಗುತ್ತಿತ್ತು. ಒಮ್ಮೆ ಒಬ್ಬ ಅಭ್ಯರ್ಥಿಯ ಫೋಟೊ ಬ್ಲಾಕು ಹಾಕಿ ಹ್ಯಾಂಡ್‌ಬಿಲ್ಲು ತೆಗೆದರೆ, ಮೊದಲ ನೂರು ಪ್ರತಿಯಲ್ಲಿ ಆತ ಆತನಂತೆಯೇ ಇದ್ದ, ಇನ್ನೂರಕ್ಕೆ ಗಡ್ಡ ಬಂತು, ಮುನ್ನೂರಕ್ಕೆ ಮುಖವೇ ಇಲ್ಲ. ಗೆರೆ ಹಾಗೆ ಮೋಸ ಮಾಡುವುದಿಲ್ಲ. ಶಾಯಿ ಹೆಚ್ಚಾದರೆ ತುಸು ದಪ್ಪವಾಗುತ್ತದೆ, ಕಡಿಮೆಯಾದರೆ ತೆಳುವಾಗುತ್ತದೆ, ಎತ್ತು ಎತ್ತಾಗಿಯೇ ಉಳಿಯುತ್ತದೆ. ಕೆಟ್ಟ ಕಾಗದಕ್ಕೆ ಒಗ್ಗುವ ಚಿತ್ರ ಹೇಗಿರಬೇಕೆಂಬುದನ್ನು ಮರದ ಕೆತ್ತನೆ ನೂರು ವರ್ಷ ಮೊದಲೇ ಕಲಿಸಿಟ್ಟಿತ್ತು. ಮರ ಬಿಟ್ಟವರೂ ಆ ಪಾಠ ಬಿಡಲಿಲ್ಲ.

ಇಲ್ಲಿಗೆ ಬರುತ್ತಾನೆ ಆ ವೇಷಧಾರಿ, ಸ್ಕ್ರೇಪರ್ ಬೋರ್ಡು. ಗಟ್ಟಿ ರಟ್ಟಿನ ಮೇಲೆ ಚೀನಾ ಮಣ್ಣಿನ ಬಿಳಿ ಲೇಪ, ಅದರ ಮೇಲೆ ಕಪ್ಪು ಶಾಯಿ. ಬ್ಲೇಡಿನಿಂದ ಕೆರೆದರೆ ಕಪ್ಪಿನೊಳಗಿಂದ ಬಿಳಿ ಗೆರೆ ಹೊರಬರುತ್ತದೆ, ಥೇಟ್ ಮರದ ಕೆತ್ತನೆ. ತಪ್ಪಿದರೆ ಮತ್ತೆ ಶಾಯಿ ಸವರಿ ತಿದ್ದಬಹುದು. ಮರದಲ್ಲಿ ಆ ಮಾತೇ ಇಲ್ಲ. ಕೆರೆದದ್ದನ್ನು ಫೋಟೊ ತೆಗೆದು ಸತುವಿಗೆ ಇಳಿಸಿದರಾಯಿತು. ಬೂಟಿನ ಹೊಳಪು, ಗಡಿಯಾರದ ಗಾಜು, ಇಂಜಿನಿನ ಸಿಲಿಂಡರು ಎಲ್ಲವನ್ನೂ ಜಾಹೀರಾತಿನ ಕಲಾವಿದರು ಇದರಲ್ಲಿ ತೆಗೆದರು. ಅದೇ ಕಾಲಕ್ಕೆ ಇಂಗ್ಲೆಂಡು, ಅಮೆರಿಕಗಳಲ್ಲಿ ನಿಜವಾದ ಮರದ ಕೆತ್ತನೆಗೂ ಜಾಹೀರಾತಿನಲ್ಲಿ ಮರುಜನ್ಮ ಬಂದಿತ್ತು. ಕಂಪನಿ ಹಳೆಯದು, ಮಾಲು ನಂಬಿಕೆಯದು ಎಂದು ತೋರಿಸಬೇಕಾದವರು ಅದನ್ನು ಹುಡುಕಿಕೊಂಡು ಹೋದರು. ಕ್ರಿಕೆಟ್ ಹುಚ್ಚಿನವರಿಗೆ ಗೊತ್ತಿರುವ ಒಂದು ಉದಾಹರಣೆ ಹೇಳುವುದಾದರೆ, ವಿಸ್ಡನ್ ವಾರ್ಷಿಕದ ಹೊದಿಕೆಯ ಮೇಲಿರುವ ಎತ್ತರದ ಟೋಪಿಯ ಆಟಗಾರರು. ಎರಿಕ್ ರೆವಿಲಿಯಸ್ ಮರದಲ್ಲಿ ಕೊರೆದ ಆ ಚಿತ್ರ 1938ರಲ್ಲಿ ಮೊದಲು ಬಂತು. ನಮ್ಮಲ್ಲಿ 1943ರಲ್ಲಿ ಕಲಕತ್ತೆಯ ಡಿ. ಜೆ. ಕೀಮರ್ ಜಾಹೀರಾತು ಕಂಪನಿಗೆ ಸೇರಿದ ಸತ್ಯಜಿತ್ ರಾಯ್ ಆ ದಶಕದಲ್ಲೇ 'ಪಥೇರ್ ಪಾಂಚಾಲಿ'ಯ ಮಕ್ಕಳ ಆವೃತ್ತಿಗೆ ಬರೆದ ಚಿತ್ರಗಳಲ್ಲಿ ಮರದ ಕೆತ್ತನೆಯ ಛಾಯೆಯಿದೆ. ಅಜ್ಜ ಉಪೇಂದ್ರಕಿಶೋರ್ ಬೇಡವೆಂದು ಓಡಿಸಿದ್ದನ್ನು ಮೊಮ್ಮಗ ಹಿತ್ತಲ ಬಾಗಿಲಿನಿಂದ ಒಳಗೆ ಕರೆದ.

ಗೆರೆಯ ಚಿತ್ರದ ತಾಕತ್ತು ನಮ್ಮ ಜಿಲ್ಲೆಗೆ ಗೊತ್ತಾದದ್ದು ನೇಗಿಲಿನ ಮೂಲಕ. ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಚಿತ್ರಕಾರನಾಗಲೆಂದು ಮುಂಬಯಿಯ ಜೆ. ಜೆ. ಕಲಾಶಾಲೆ ಸೇರಿದರು. ಬಣ್ಣಗಳ ವ್ಯತ್ಯಾಸ ಕಣ್ಣಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲವಾಗಿ ಚಿತ್ರ ಬಿಟ್ಟು ಯಂತ್ರಗಳ ರೇಖಾಚಿತ್ರಕ್ಕೆ ಬಂದರು. ಬಣ್ಣ ಕೈಕೊಟ್ಟವರನ್ನು ಗೆರೆ ಕೈಹಿಡಿಯಿತು. ಬೆಳಗಾವಿಯಲ್ಲಿದ್ದ ತಮ್ಮ ಕಾರ್ಖಾನೆಯನ್ನು ಅಲ್ಲಿಂದ ಎತ್ತಬೇಕಾಗಿ ಬಂದಾಗ ಔಂಧದ ರಾಜರು ಜಾಗ ಕೊಟ್ಟರು, 1910ರಲ್ಲಿ ನಮ್ಮ ಜಿಲ್ಲೆಯ ಕಿರ್ಲೋಸ್ಕರವಾಡಿ ಹುಟ್ಟಿತು. ಕಬ್ಬಿಣದ ನೇಗಿಲು ಹೂಡಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರುತ್ತಿದ್ದ ಕಾಲ ಅದು. ಓದು ಬಾರದವನಿಗೆ ನೇಗಿಲಿನ ಗುಣವನ್ನು ಹೇಳುವುದು ಹೇಗೆ? ಚಿತ್ರ ತೋರಿಸಬೇಕು. 1920ರಲ್ಲಿ 'ಕಿರ್ಲೋಸ್ಕರ ಖಬರ್' ಎಂಬ ಪತ್ರಿಕೆ ಅಲ್ಲಿಂದ ಹೊರಟಾಗ ಅದರ ಸಂಪಾದಕರಾದ ಶಂಕರ ವಾಸುದೇವ ಕಿರ್ಲೋಸ್ಕರರೂ ಚಿತ್ರಕಾರರೇ. ಮುಂದೆ ಅದು 'ಕಿರ್ಲೋಸ್ಕರ' ಮಾಸಿಕವಾಯಿತು, 1930ರಲ್ಲಿ 'ಸ್ತ್ರೀ' ಬಂತು. ಮರಾಠಿ ಓದಬಲ್ಲ ಜತ್ತದ ಕನ್ನಡ ಮನೆಗಳಲ್ಲೂ ಆ ಸಂಚಿಕೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ನನ್ನ ಅಜ್ಜಿಗೆ ಓದಲು ಬರುತ್ತಿರಲಿಲ್ಲ, ಜಾಹೀರಾತು ಮಾತ್ರ ಒಂದನ್ನೂ ಬಿಡುತ್ತಿರಲಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಉಮದಿಯವರು ಠಸ್ಸೆಯ ತೂತಿನಲ್ಲಿ ಬೆರಳು ತೂರಿಸಿ, "ಇದ್ಯಾಕ ತೂತ ಬಿತ್ತು? ಹುಳ ತಿಂದಿದ್ದಂತೂ ಅಲ್ಲ, ಗುಣ್ಯಾಗ ಕೊರದಂಗೈತಿ" ಎಂದರು.

ನನಗೆ ಇಡೀ ಠಸ್ಸೆಯಲ್ಲಿ ಬಲು ಇಷ್ಟವಾದದ್ದು ಆ ತೂತೇ. ಗುಣ್ಯಾ, ಅಂದರೆ ಮೂಲೆಮಟ್ಟ, ಹಿಡಿದೇ ಕೊರೆದದ್ದು ಅದು. ಮುಂಬಯಿಯ ಕಂಪನಿ ಒಂದು ಚಿತ್ರ ಬರೆಸಿ, ಅದರಿಂದ ಹಲವಾರು ಠಸ್ಸೆ ಮಾಡಿಸಿ ಊರೂರಿಗೆ ಕಳಿಸುತ್ತಿತ್ತು. ಚಿತ್ರ ಎಲ್ಲ ಭಾಷೆಗೂ ಒಂದೇ. ಮಾತು ಮಾತ್ರ ಆಯಾ ಊರಿನದು. ಅದಕ್ಕಾಗಿ ತಗಡು, ಮರ ಎರಡನ್ನೂ ತೂರಿ ಒಂದು ಕಿಂಡಿ ಬಿಡುತ್ತಿದ್ದರು. ಸಾಂಗ್ಲಿಯಲ್ಲಿ ಅದರೊಳಗೆ ಮರಾಠಿ ಮೊಳೆ ತುಂಬುತ್ತಿದ್ದರು, ವಿಜಾಪುರದಲ್ಲಿ ಕನ್ನಡದ್ದು. ಕಂದೀಲು ಹಿಡಿದ ಅದೇ ಹೆಂಗಸು ಅಲ್ಲಿ ಒಂದು ಭಾಷೆ, ಇಲ್ಲಿ ಇನ್ನೊಂದು ಭಾಷೆ ಆಡುತ್ತಿದ್ದಳು. ಜತ್ತದಲ್ಲಿ ಬೆಳಿಗ್ಗೆ ಒಂದು, ಸಂಜೆ ಇನ್ನೊಂದು. ಈ ತಾಲ್ಲೂಕಿನ ಹೆಂಗಸರೆಲ್ಲ ಹಾಗೇ ಅಲ್ಲವೆ?

ಕಿಂಡಿಯ ಅಳತೆಯನ್ನು ಮಾತ್ರ ಕನ್ನಡ ಗೊತ್ತಿಲ್ಲದವರು ಇಟ್ಟಿರುತ್ತಿದ್ದರು. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಜೋತುಬೀಳುತ್ತವೆ. ಮರಾಠಿಯ ನಾಲ್ಕು ಸಾಲು ಹಿಡಿಸುವಲ್ಲಿ ನಮ್ಮದು ಮೂರು ಹಿಡಿಸಿದರೆ ಪುಣ್ಯ. ಮಾಮಾ ಕಿಂಡಿಯ ಮುಂದೆ ಕೂತು ಪದಗಳ ಜೊತೆ ಚೌಕಾಸಿ ಮಾಡುತ್ತಿದ್ದ. "ಪ್ರತಿನಿತ್ಯವೂ ತಪ್ಪದೆ ಉಪಯೋಗಿಸಿರಿ" ಎಂದು ಬರೆದು ಕೊಟ್ಟದ್ದು ಅವನ ಕೈಯಲ್ಲಿ "ದಿನಾ ಬಳಸಿ" ಆಗುತ್ತಿತ್ತು. ಆ ಕಾಲದ ಮರಾಠಿ ಜಾಹೀರಾತುಗಳು ವ್ಯಾಖ್ಯಾನ ಮಾಡುತ್ತವೆ, ಕನ್ನಡದವು ತುಂಡುಮಾತು ಆಡುತ್ತವೆ ಎಂದು ನನಗೆ ಬಹಳ ದಿನದಿಂದ ಅನ್ನಿಸಿದೆ. ಭಾಷೆಯ ಜಾಯಮಾನವೆಂದು ಪಂಡಿತರು ಹೇಳಿಯಾರು. ನನ್ನ ಅನುಮಾನ ಕಿಂಡಿಯ ಮೇಲೆ.

ಹಾಗಾದರೆ ನಮ್ಮಲ್ಲಿ ಮರದ ಠಸ್ಸೆ ಇರಲೇ ಇಲ್ಲವೆ? ಇತ್ತು, ಅವಸರದ ಕೆಲಸಕ್ಕೆ. ಸತುವಿನ ಬ್ಲಾಕು ಮಾಡುವವರು ದೊಡ್ಡ ಊರಿನಲ್ಲಿ. ಚಿತ್ರ ಎಸ್.ಟಿ. ಬಸ್ಸಿನಲ್ಲಿ ಹೋಗಿ ಬ್ಲಾಕಾಗಿ ಬರಲು ನಾಲ್ಕು ದಿನ, ಜಾತ್ರೆಗೆ ಉಳಿದದ್ದು ಎರಡು ದಿನ. 1972ರ ಬರ ಕಳೆದು ಒಂದೆರಡು ವರ್ಷವಾಗಿತ್ತು. ಜತ್ತದ ಯಲ್ಲಮ್ಮನ ಜಾತ್ರೆಯ ದನದ ಪೇಟೆಗೆ ಹ್ಯಾಂಡ್‌ಬಿಲ್ಲು ಬೇಕೆಂದು ಒಬ್ಬ ವ್ಯಾಪಾರಿ ಬಂದ. ಛಾಪಖಾನೆಯಲ್ಲಿದ್ದ ಎತ್ತಿನ ಠಸ್ಸೆ ಯಾವುದೋ ಕಾಲದಲ್ಲಿ ವಿಲಾಯತಿ ಕ್ಯಾಟಲಾಗು ನೋಡಿ ತರಿಸಿದ್ದು. ಕೊಬ್ಬಿದ ಮೈ, ಗಿಡ್ಡ ಕೊಂಬು. ವ್ಯಾಪಾರಿ ಅದನ್ನು ಒಂದು ಗಳಿಗೆ ನೋಡಿ, "ಇದಕ್ಕ ಇಣಿ ಎಲ್ಲೈತೋ ಯಪ್ಪಾ? ಇದನ್ನ ಹಚ್ಚಿದ್ರ ಜನ ಹಂದಿ ಸಂತಿ ಅಂತ ತಿಳಕೋತಾರ" ಎಂದ. ಅವನಿಗೆ ಬೇಕಾದದ್ದು ಖಿಲಾರಿ. ಸಪೂರ ಮೈ, ಹೆಗಲ ಮೇಲೆ ಎದ್ದ ಇಣಿ, ಹಿಂದಕ್ಕೆ ಬಾಗಿ ಮೇಲಕ್ಕೆ ಚಿಮ್ಮಿದ ಉದ್ದನೆಯ ಕೊಂಬು.

ಮಾಮಾ ಓಣಿಯ ಪತ್ತಾರರನ್ನು ಕರೆದ. ಮುರಿದ ತೊಟ್ಟಿಲಿನ ಸಾಗವಾನಿ ಹಲಗೆಯಲ್ಲಿ ಅವರು ರಾತ್ರಿಯೆಲ್ಲ ಕೂತು ಎತ್ತು ಕೊರೆದರು. ಬಂಗಾರದ ಮೇಲೆ ಬಳ್ಳಿ ಬಿಡಿಸುವ ಕೈ ಅದು. ಇಣಿಯ ಮೇಲೆ ಝೂಲು, ಕೊರಳಿಗೆ ಗೆಜ್ಜೆಯ ಸರ, ಗೊರಸಿನ ಸೀಳು ಕೂಡ ಬಿಡಲಿಲ್ಲ. ಕೆಳಗೆ ಊರಿನ ಹೆಸರನ್ನೂ ಮುದ್ದಾಗಿ ಕೊರೆದಿದ್ದರು, ನೇರವಾಗಿ. ಅಚ್ಚಿಗೆ ಉಲ್ಟಾ ಕೊರೆಯಬೇಕೆಂದು ಹೇಳಲು ಮಾಮಾನೂ ಮರೆತಿದ್ದ. ಹೆಸರನ್ನು ಗರಗಸದಿಂದ ಕತ್ತರಿಸಿ ತೆಗೆದು ಅಲ್ಲಿ ಮೊಳೆ ಜೋಡಿಸಿದೆವು. ಎತ್ತು ಯಾವ ಕಡೆ ಮುಖ ಮಾಡಿದರೂ ಎತ್ತೇ.

ತೊಂದರೆ ಕಂಡದ್ದು ಆರುನೂರನೆಯ ಪ್ರತಿಯ ಹೊತ್ತಿಗೆ. ಪತ್ತಾರರಿಗೆ ಸಿಕ್ಕಿದ್ದು ಉದ್ದಕ್ಕೆ ಸೀಳಿದ ಹಲಗೆ, ಅಡ್ಡಕೊಯ್ತದ ಬಿಲ್ಲೆಯಲ್ಲ. ನಾರು ಮಲಗಿತ್ತು, ಕೊಂಬು ಅದಕ್ಕೆ ಅಡ್ಡಲಾಗಿ ಎದ್ದಿತ್ತು. ಟ್ರೆಡಲ್ಲಿನ ಏಟಿಗೆ ಒಂದು ಕೊಂಬು ಚಟ್ಟನೆ ಸಿಗಿದು ಶಾಯಿಯಲ್ಲಿ ಬಿತ್ತು. ಮಾಮಾ ಯಂತ್ರ ನಿಲ್ಲಿಸಲಿಲ್ಲ. ಉಳಿದ ನಾಲ್ಕುನೂರು ಹ್ಯಾಂಡ್‌ಬಿಲ್ಲು ಒಂಟಿ ಕೊಂಬಿನ ಎತ್ತಿನೊಡನೆಯೇ ಹಳ್ಳಿಗಳಿಗೆ ಹೋದವು.

ಜಾತ್ರೆಯ ದಿನ ನಾನೂ ದನದ ಪೇಟೆಯಲ್ಲಿದ್ದೆ. ಸಂಖದ ಕಡೆಯ ಮುದುಕರೊಬ್ಬರು ಕೈಯಲ್ಲಿ ಆ ಕಾಗದ ಹಿಡಿದು ಸಾಲುಸಾಲು ಎತ್ತುಗಳನ್ನು ನೋಡುತ್ತ ಬಂದು ವ್ಯಾಪಾರಿಯನ್ನು ಕೇಳಿದರು: "ಅಲ್ಲೋ ತಮ್ಮಾ, ಈ ಒಂಟಿಕೋಡಿನ ಎತ್ತ ಎಲ್ಲಿ ಕಟ್ಟೀಯೋ? ಕೋಡ ಮುರದೈತಂದ್ರ ರೇಟ ಸ್ವಲ್ಪ ಇಳಸ್ತಿ ಹೌದಿಲ್ಲೊ?"